ಹದಿನೇಳು ಮನೆಗಳಿಗೆ ಹೇಳದ ಮಾತು

ಅಕ್ಕ ಪುರಸಭೆ ಚುನಾವಣೆಗೆ ನಿಂತ ವರ್ಷ ನಾನು ಹದಿನೇಳು ಮನೆಯವರಿಗೆ ಒಂದು ಮಾತು ಹೇಳಬೇಕಿತ್ತು. ಒಬ್ಬರಿಗೂ ಹೇಳಲಿಲ್ಲ. ಅಷ್ಟು ಸಾಲದು ಅಂತ, ಎಲ್ಲರಿಗೂ ಹೇಳಿ ಆಯ್ತು ಎಂದು ಅವಳಿಗೆ ಸುಳ್ಳು ಹೇಳಿದೆ. ಅಕ್ಕ ಹದಿನಾಲ್ಕು ಓಟಿನಲ್ಲಿ ಸೋತಳು. ಸೋಲಿಗಿಂತ ದೊಡ್ಡ ನಷ್ಟ ಆಮೇಲೆ ಆಯಿತು, ಅದನ್ನೂ ಬರೆಯುತ್ತೇನೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ನಡೆದದ್ದನ್ನು ನಡೆದ ಹಾಗೆ ಹೇಳಲು ಅಷ್ಟು ಓದು ಸಾಕು ಅಂದುಕೊಂಡಿದ್ದೇನೆ.

2019ರ ಡಿಸೆಂಬರಿನಲ್ಲಿ ಅಕ್ಕ ದುಬೈಗೆ ಬಂದಳು. ಅವಳ ಮಗಳಿಗೆ ಇಲ್ಲಿ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತ್ತು, ವಿಸಿಟ್ ವೀಸಾ ಮಾಡಿಸಿ ಅಮ್ಮನನ್ನು ಕರೆಸಿಕೊಂಡಿದ್ದಳು. ನಾನು ಆಗಲೇ ದುಬೈ ಬಿಟ್ಟು ಅಲ್ ಐನಿನ ಒಂದು ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಒಗೆಯುವ ವಿಭಾಗ ಸೇರಿದ್ದೆ. ಶುಕ್ರವಾರ ರಜೆ ಇತ್ತು, ಬಸ್ಸು ಹಿಡಿದು ನೋಡಲು ಬಂದೆ. ಎಲ್ಲಿಗೆ ಹೋಗೋಣ ಅಂತ ಕೇಳಿದರೆ ಅಕ್ಕ ಹೇಳಿದಳು, "ಆ ಎತ್ತರದ ಬಿಲ್ಡಿಂಗೆಲ್ಲ ಇವಳು ತೋರಿಸ್ತಾಳೆ. ನೀನು ಇಸ್ತ್ರಿ ಹಾಕ್ತಿದ್ದ ಅಂಗಡಿ ತೋರಿಸು ನನಗೆ."

ಕರಾಮದಲ್ಲಿ ಮೆಟ್ರೋ ಇಳಿದು ಎರಡು ತಿರುವು ದಾಟಿದ್ದೆವು. ನಮ್ಮ ಅಂಗಡಿಗೆ ಮೊದಲೇ ಸಿಗುವ ಮೂಲೆಯ ಲಾಂಡ್ರಿಯ ಬಾಗಿಲು ತೆರೆಯಿತು, ಒಳಗಿನ ಹಬೆ ರಸ್ತೆಗೆ ಬಂತು. ಬಿಸಿ ಬಟ್ಟೆಯ ಮೇಲೆ ಗಂಜಿ ನೀರು ಬಿದ್ದಾಗ ಒಂದು ವಾಸನೆ ಬರುತ್ತದೆ, ಅನ್ನ ತಳ ಹಿಡಿಯುವುದಕ್ಕೆ ಸ್ವಲ್ಪ ಮುಂಚೆ ಬರುವಂಥದ್ದು. ಹನ್ನೊಂದು ವರ್ಷ ಆ ವಾಸನೆಯಲ್ಲೇ ಉಸಿರಾಡಿದವನು ನಾನು. ಅಂದು ಅದು ಮೂಗಿಗೆ ಹೊಡೆದದ್ದೇ ಹಿಂದಿನ ವರ್ಷದ ಆಗಸ್ಟ್ ತಿಂಗಳು ಪೂರ್ತಿಯಾಗಿ ಬಂದು ಎದುರು ನಿಂತಿತು. ನನ್ನ ಕಾಲು ಮುಂದೆ ಹೋಗಲಿಲ್ಲ.

ಆ ಆಗಸ್ಟಿನಲ್ಲಿ ಊರಲ್ಲಿ ಮಳೆ ಬಿಟ್ಟಿರಲಿಲ್ಲ. ಇಲ್ಲಿ ಮಳೆಯಿಲ್ಲದೆಯೇ ಎಲ್ಲ ಒದ್ದೆ. ಬೆಳಿಗ್ಗೆ ಶಟರ್ ಎತ್ತುವಾಗ ಕಬ್ಬಿಣದ ಮೇಲೆ ನೀರು, ಸೈಕಲ್ ಸೀಟಿನ ಮೇಲೆ ನೀರು. ಮೂರನೇ ಮಹಡಿಯ ಗಿರಾಕಿಗೆ ಬಟ್ಟೆ ಕೊಟ್ಟು ಕೆಳಗೆ ಬರುವಷ್ಟರಲ್ಲಿ ಅಂಗಿ ಹಿಂಡಬಹುದು. ಅಂಗಡಿಯಲ್ಲಿ ಇದ್ದದ್ದು ಇಬ್ಬರೇ ಕೆಲಸದವರು, ನಾನು ಮತ್ತು ಕಾಸರಗೋಡು ಕಡೆಯ ಹನೀಫ್. ಮಧ್ಯಾಹ್ನದವರೆಗೆ ಇಸ್ತ್ರಿ, ಆಮೇಲೆ ನಾನು ಸೈಕಲ್ಲಿನ ಹಿಂದೆ ಹ್ಯಾಂಗರುಗಳನ್ನು ನೇತುಹಾಕಿಕೊಂಡು ಮನೆಮನೆಗೆ ತಲುಪಿಸುವುದು. ಕರಾಮದಲ್ಲಿ ನನಗೆ ಗೊತ್ತಿಲ್ಲದ ಬಾಗಿಲು ಕಡಿಮೆ. ಯಾವ ಮನೆಯ ಕರೆಗಂಟೆ ಕೆಟ್ಟಿದೆ, ಯಾವ ಮನೆಯಲ್ಲಿ ಮಗು ಮಲಗುವ ಹೊತ್ತು ಯಾವುದು, ಎಲ್ಲ ಗೊತ್ತು. ಅಂಗಡಿಯ ಧಣಿ ರಘುರಾಮಣ್ಣ ನಮ್ಮ ಊರಿನವರೇ, ನಮ್ಮ ವಾರ್ಡಿನವರೇ. ನನಗೆ ವೀಸಾ ಕೊಟ್ಟು ಕರೆಸಿದವರು ಅವರು.

ಆಗಸ್ಟ್ ಶುರುವಿನಲ್ಲಿ ಅಕ್ಕನ ಧ್ವನಿ ಬಂತು ವಾಟ್ಸಾಪಿನಲ್ಲಿ. ಇಲ್ಲಿ ಅದರಲ್ಲಿ ಕರೆ ಮಾಡಲು ಆಗುವುದಿಲ್ಲ, ಮಾತನ್ನು ತುಂಬಿ ಕಳಿಸಬೇಕು. ಹಿಂದೆ ಹೊಲಿಗೆ ಮೆಷಿನಿನ ಸದ್ದು ಕೇಳುತ್ತಿತ್ತು.

"ಸದಾನಂದ, ಈ ಸಲ ನಮ್ಮ ವಾರ್ಡು ಹೆಂಗಸರಿಗೆ ಆಗಿದೆ. ನಾನು ನಿಲ್ತೇನೆ. ಪಕ್ಷ ಗಿಕ್ಷ ಇಲ್ಲ, ಪಕ್ಷೇತರ. ನಗಾಡ್ಬೇಡ ಆಯ್ತಾ?"

ನಾನು ನಗಲಿಲ್ಲ. ಅಕ್ಕನ ಹೆಸರು ವಸಂತಿ, ಪೇಟೆಗೆಲ್ಲ ಟೈಲರ್ ವಸಂತಿ. ನಮ್ಮ ಓಣಿ ಸಮುದ್ರಕ್ಕೆ ಹತ್ತಿರ. ಜನವರಿ ಕಳೆದರೆ ಬಾವಿ ನೀರು ಉಪ್ಪು. ನಳ್ಳಿಯ ನೀರು ಮೇಲಿನ ರಸ್ತೆಗೆ ದಿನಾ ಬರುತ್ತದೆ, ಕೆಳಗಿನ ಓಣಿಗೆ ಮೂರು ದಿನಕ್ಕೊಮ್ಮೆ. ಅರ್ಜಿ ಹಿಡಿದುಕೊಂಡು ಒಂಬತ್ತು ವರ್ಷ ಪುರಸಭೆಯ ಮೆಟ್ಟಿಲು ಹತ್ತಿದ್ದಳು ಅವಳು. ಯಾವನೋ ಗುಮಾಸ್ತ ತಮಾಷೆಗೆ, "ಅಷ್ಟು ಉಂಟಾದ್ರೆ ನೀವೇ ಮೆಂಬರ್ ಆಗಿ ಬನ್ನಿ" ಅಂದಿದ್ದನಂತೆ. ಅಕ್ಕ ತಮಾಷೆಯನ್ನು ನಿಜ ಮಾಡಲು ಹೊರಟಿದ್ದಳು.

ನಮ್ಮ ಪೇಟೆಯ ಚುನಾವಣೆಗಳ ಕತೆ ನನಗೆ ಗೊತ್ತಿರುವುದು ಅಪ್ಪ ಹೇಳಿದಷ್ಟು, ನಾನು ಕಂಡಷ್ಟು. ಮೊದಮೊದಲು ಹಂಚಿನ ಕಾರ್ಖಾನೆಯ ಧಣಿ ಯಾರನ್ನು ಹೇಳಿದರೆ ಅವರೇ ಮೆಂಬರು, ಎದುರು ನಿಲ್ಲುವವರೇ ಇರಲಿಲ್ಲವಂತೆ. ಆಮೇಲೆ ಬೀಡಿ ಕಂಟ್ರಾಕ್ಟುದಾರರ ಕಾಲ: ಎಲೆ ಕೊಡುವ ಕೈಯೂ ಓಟು ಕೇಳುವ ಕೈಯೂ ಒಂದೇ. ಅಪ್ಪ ಆಗ ಎಲ್ಲರ ಪೋಸ್ಟರೂ ಅಂಟಿಸುತ್ತಿದ್ದರು. ಪಕ್ಷ ಯಾವುದಾದರೇನು, ಮೈದಾ ಅಂಟು ಒಂದೇ ಅನ್ನುತ್ತಿದ್ದರು. ಅದರ ನಂತರ ಗಲ್ಫ್ ಬಂತು. ಮನೆ ನಡೆಸುವ ಮಗ, ಮಗಳು, ಗಂಡ ಎಲ್ಲ ಇಲ್ಲಿ. ಮೆಂಬರಿನ ಓಟಿಗಾಗಿ ಯಾರೂ ವಿಮಾನ ಹತ್ತಿ ಹೋಗುವುದಿಲ್ಲ. ಆದರೆ "ಈ ಸಲ ಇಂಥವರಿಗೆ ಹಾಕಿ" ಎಂದು ಇಲ್ಲಿಂದ ಒಂದು ಮಾತು ಹೋದರೆ ಮನೆಯ ನಾಲ್ಕು ಓಟೂ ಅಲ್ಲಿಗೇ. ಹಿಂದೆ ಆ ಮಾತು ಕ್ಯಾಸೆಟ್ಟಿನಲ್ಲಿ ಹೋಗುತ್ತಿತ್ತು, ಮಕ್ಕಳ ಶಾಲೆ, ಅಮ್ಮನ ಮಂಡಿ ನೋವು, ಇವುಗಳ ನಡುವೆ. ಆಮೇಲೆ ಎಸ್‌ಟಿಡಿ ಬೂತು, ಈಗ ಮೊಬೈಲು.

ಊರಲ್ಲಿ ಅಂಥ ಮನೆಗೆ 'ಫೋನು ಬಂದ ಮನೆ' ಎಂದು ಹೇಳುವುದು. ಫೋನು ಬಂದ ಮನೆಗೆ ಎದುರಾಳಿ ಹೋಗಿ ಸಮಯ ಹಾಳು ಮಾಡುವುದಿಲ್ಲ. ಯಾರ ಪರವಾಗಿ ಫೋನು ಬಂತೋ ಅವರೂ ಹೋಗಬಾರದು. ಮಾತು ಕೊಟ್ಟ ಮೇಲೆ ಮತ್ತೆ ಅಂಗಳಕ್ಕೆ ಹೋಗಿ ಕೈ ಮುಗಿದರೆ, ನಿಮ್ಮ ಮಗನ ಮಾತಿನಲ್ಲಿ ನಂಬಿಕೆ ಇಲ್ಲ ಅಂದ ಹಾಗೆ. ಅದು ಅವಮಾನ. ಫೋನು ಬಾರದ ಮನೆಗೆ ಹೋಗದೆ ಇದ್ದರೆ ಅದು ಇನ್ನೂ ದೊಡ್ಡ ಅವಮಾನ.

ಅಕ್ಕನ ಎರಡನೇ ಮಾತು ಅದೇ ದಿನ ಬಂತು. "ನಮ್ಮ ಓಣಿಯ ಸುತ್ತಿನ ಹದಿನೇಳು ಮನೆಯವರು ಅಲ್ಲಿದ್ದಾರೆ. ಹೆಸರು ಹೇಳ್ತೇನೆ, ಬರ್ಕೊ. ಆ ಹದಿನೇಳು ನಿನಗೆ. ಉಳಿದ ವಾರ್ಡು ನಾನು ನಡೆದೇ ಮುಗಿಸ್ತೇನೆ. ನೀನು ಹೇಗೂ ದಿನಾ ಮನೆಮನೆ ಹೋಗುವವ. ಬಟ್ಟೆ ಕೊಡುವಾಗ ಒಂದು ಮಾತು ಹಾಕಿದ್ರೆ ಆಯ್ತು."

ಬರೆದುಕೊಂಡೆ. ಐದು ಮನೆ ಕರಾಮದಲ್ಲೇ, ನನ್ನ ಸೈಕಲ್ಲಿನ ದಾರಿಯಲ್ಲಿ. ಎರಡು ಪಕ್ಕದ ಊದ್ ಮೇಥಾದಲ್ಲಿ. ಆರು ಜನ ಅಬುಧಾಬಿಯಲ್ಲಿ ಒಂದೇ ಫ್ಲ್ಯಾಟಿನಲ್ಲಿ. ನಾಲ್ಕು ಅಲ್ ಐನ್. ಆ ಚೀಟಿಯನ್ನು ಮಡಚಿ ಅಂಗಿಯ ಕಿಸೆಗೆ ಹಾಕಿದೆ. ಅಕ್ಕನಿಗೆ "ಆಯ್ತು, ಚಿಂತೆ ಬೇಡ" ಎಂದು ಹೇಳಿ ಕಳಿಸಿದೆ. ಆಗ ಅದು ಸುಳ್ಳಾಗಿರಲಿಲ್ಲ.

ಮಾರನೇ ದಿನ ರಘುರಾಮಣ್ಣ ಅಂಗಡಿಗೆ ಬಂದರು. ಗಲ್ಲಾಪೆಟ್ಟಿಗೆಯ ಪಕ್ಕದ ಸ್ಟೂಲಿನಲ್ಲಿ ಕೂತು ಚಹಾ ತರಿಸಿದರು. ನಾನು ಒಂದು ಬಿಳಿ ಕಂದೂರಕ್ಕೆ ಇಸ್ತ್ರಿ ಹಾಕುತ್ತಿದ್ದೆ. ಅರಬರ ಆ ಉದ್ದನೆಯ ಅಂಗಿಗೆ ಒಂದು ಗೆರೆ ಹೆಚ್ಚು ಬಿದ್ದರೂ ವಾಪಸು ಬರುತ್ತದೆ.

"ವಸಂತಿ ನಿಂತಿದ್ದಾಳಂತಲ್ಲ ಮಾರಾಯ?"

"ಹೌದಣ್ಣ."

"ಒಳ್ಳೇದೇ. ನಮ್ಮ ಪ್ರೇಮನೂ ನಿಂತಿದ್ದಾಳೆ."

ಪ್ರೇಮ ಅಂದರೆ ಅವರ ತಮ್ಮನ ಹೆಂಡತಿ. ಅಷ್ಟೇ ಮಾತು. ಚಹಾ ಕುಡಿದು, ಗಂಜಿ ಡಬ್ಬ ಮುಗಿಯುತ್ತಾ ಬಂತು ನೋಡು ಎಂದು ಹೇಳಿ ಹೋದರು. ನನ್ನ ಕೈಯ ಇಸ್ತ್ರಿ ಕಂದೂರದ ಮೇಲೆ ಒಂದು ಕ್ಷಣ ಹೆಚ್ಚು ನಿಂತಿತು. ಅಕ್ಟೋಬರಿನಲ್ಲಿ ನನ್ನ ವೀಸಾ ಮುಗಿಯುವುದಿತ್ತು. ಹೊಸದು ಮಾಡಿಸುವುದು, ಬಿಡುವುದು ಅವರ ಒಂದು ಸಹಿಯಲ್ಲಿತ್ತು. ಅವರು ಆ ಬಗ್ಗೆ ಒಂದಕ್ಷರ ಎತ್ತಿರಲಿಲ್ಲ. ಎತ್ತಿದ್ದು ನನ್ನ ತಲೆ.

ಆ ದಿನ ಮಧ್ಯಾಹ್ನ ಪಟ್ಟಿಯ ಮೊದಲನೇ ಮನೆಗೆ ನಾಲ್ಕು ಶರ್ಟು ಕೊಡಲು ಹೋದೆ. ಬಾಗಿಲು ತೆರೆದವರು ನನ್ನನ್ನು ಕಂಡು ನಕ್ಕರು, ಊರಲ್ಲಿ ಮಳೆ ಜೋರಂತೆ ಅಂದರು. ಅಕ್ಕನ ವಿಷಯ ಬಾಯಿಗೆ ಬಂದಿತ್ತು. "ನಾಲ್ಕು ಶರ್ಟು" ಎಂದು ಹೇಳಿ ಇಳಿದು ಬಂದೆ. ನಾಳೆ ಹೇಳೋಣ. ಎರಡನೇ ಮನೆಯಲ್ಲಿ "ಎರಡು ಪ್ಯಾಂಟು, ಒಂದು ಸೀರೆ." ಹೀಗೆ ಐದು ಮನೆಗೂ ಆ ವಾರ ಎರಡೆರಡು ಸಲ ಹೋದೆ. ಪ್ರತಿ ಸಲವೂ ಎಷ್ಟು ಬಟ್ಟೆ ಅನ್ನುವುದನ್ನು ಮಾತ್ರ ಹೇಳಿ ಬಂದೆ. ಇಲ್ಲಿ ಒಬ್ಬರಿಗೆ ಹೇಳಿದ ಮಾತು ಸಂಜೆಯೊಳಗೆ ಹೋಟೆಲಿನ ಮೇಜಿಗೆ ಬರುತ್ತದೆ, ಮೇಜಿನಿಂದ ರಘುರಾಮಣ್ಣನ ಕಿವಿಗೆ. ಇಲ್ಲಿ ನಮಗೆ ಓಟಿಲ್ಲ. ಅದಕ್ಕೋ ಏನೋ ಊರಿನ ಓಟಿನ ಮಾತು ಇಡ್ಲಿಗಿಂತ ಹೆಚ್ಚು ಖರ್ಚಾಗುತ್ತದೆ.

ಹನೀಫ್ ನೋಡುತ್ತಾ ಇದ್ದ. ಒಂದು ದಿನ ಕೇಳಿಯೇ ಬಿಟ್ಟ. "ನಿನಗೆ ಎಂತ ಆಗಿದೆ? ಕೂತಲ್ಲಿ ಕೂರೂದಿಲ್ಲ, ನಿಂತಲ್ಲಿ ನಿಲ್ಲೂದಿಲ್ಲ. ಮುಳ್ಳಿನ ಮೇಲೆ ಇದ್ದ ಹಾಗೆ."

ಹೇಳಿದೆ.

"ಧಣಿ ನಿನಗೆ ಬೇಡ ಅಂದ್ರಾ?"

"ಏನೂ ಹೇಳ್ಲಿಲ್ಲ."

"ಮತ್ತೆ?"

"ಅದೇ. ಏನೂ ಹೇಳ್ಲಿಲ್ಲ."

"ನೀನೊಬ್ಬ," ಎಂದು ಹನೀಫ್ ಇಸ್ತ್ರಿಯ ಹಬೆ ಬಿಟ್ಟ. "ಹೋಗಿ ಅವರ ಹತ್ರವೇ ಕೇಳು ಮಾರಾಯ. 'ಅಣ್ಣ, ನನ್ನ ಅಕ್ಕನಿಗೆ ನಾನು ಓಟು ಕೇಳ್ಬೇಕಲ್ಲ' ಅನ್ನು. ಅಕ್ಕ ಅಲ್ವಾ? ಯಾರು ಬೇಡ ಅಂತಾರೆ?"

ಅಷ್ಟು ಸುಲಭದ ದಾರಿ ಇತ್ತು. ನಾನು ಹಿಡಿಯಲಿಲ್ಲ.

ಆಗಸ್ಟ್ ಹದಿನೈದರಂದು ಬೆಳಿಗ್ಗೆ ಊದ್ ಮೇಥಾದ ಒಂದು ಶಾಲೆಯ ಅಂಗಳದಲ್ಲಿ ಧ್ವಜ ಏರಿಸುವ ಕಾರ್ಯಕ್ರಮ. ಕೆಲಸಕ್ಕೆ ಹೋಗುವ ಮೊದಲು ನಮ್ಮ ಕಡೆಯವರು ತುಂಬಾ ಜನ ಬರುತ್ತಾರೆ. ರಘುರಾಮಣ್ಣ ಬಿಳಿ ಜುಬ್ಬ ಹಾಕಿ ಬಂದಿದ್ದರು, ನಾನೇ ಇಸ್ತ್ರಿ ಹಾಕಿದ್ದು. ಪಟ್ಟಿಯ ಹದಿನೇಳರಲ್ಲಿ ಏಳು ಜನ ಆ ಅಂಗಳದಲ್ಲಿದ್ದರು. ನನ್ನ ಕಣ್ಣು ಅವರನ್ನು ಎಣಿಸುತ್ತಲೇ ಇತ್ತು, ಕಾಲು ಅವರಿಂದ ದೂರ ದೂರ ಹೋಗುತ್ತಿತ್ತು. ಕಂಬದ ಹತ್ತಿರ ನಿಂತೆ, ಅಲ್ಲಿಂದ ನೀರಿನ ಕಡೆ ಹೋದೆ, ಅಲ್ಲಿಂದ ಗೇಟಿಗೆ. ಗೇಟಿನಲ್ಲಿ ಗ್ಲಾಡಿಸ್ ಬಾಯಿ ಸಿಕ್ಕಿದರು. ಆಸ್ಪತ್ರೆಯಲ್ಲಿ ನರ್ಸು, ಕರಾಮದಲ್ಲೇ ಮನೆ, ಪಟ್ಟಿಯಲ್ಲಿ ಮೂರನೆಯವರು. ಅವರ ತಾಯಿ ಸೆವ್ರಿನ್ ಬಾಯಮ್ಮನದ್ದೂ ನಮ್ಮದೂ ಊರಲ್ಲಿ ಒಂದೇ ಬೇಲಿ. ಅಕ್ಕ ಹೊಲಿಗೆ ಕಲಿತದ್ದೇ ಬಾಯಮ್ಮನ ಮೆಷಿನಿನಲ್ಲಿ.

"ಸದಾನಂದ, ವಸಂತಿಯಕ್ಕ ನಿಂತಿದ್ದಾರಂತೆ! ನೀನು ಒಂದು ಮಾತು ಹೇಳ್ಲಿಲ್ಲ ನೋಡು, ಕಳ್ಳ," ಎಂದು ನಕ್ಕರು. "ಮಮ್ಮಿಗೆ ಫೋನ್ ಮಾಡ್ಬೇಕಾ ಎಂತ?"

ರಘುರಾಮಣ್ಣ ನನ್ನ ಬಲಕ್ಕೆ ಬಂದು ನಿಂತಿದ್ದರು. ಯಾರ ಹತ್ತಿರವೋ ಮಾತಾಡುತ್ತಿದ್ದರು, ನಮ್ಮ ಕಡೆ ಬೆನ್ನು. ಕೇಳಿಸಿತೋ ಇಲ್ಲವೋ ಗೊತ್ತಿಲ್ಲ.

"ನಿಮ್ಮಿಷ್ಟ ಬಾಯಿ," ಅಂದೆ.

ಗ್ಲಾಡಿಸ್ ಬಾಯಿಯ ನಗು ಅರ್ಧದಲ್ಲಿ ನಿಂತಿತು. ನನ್ನ ಮುಖ ನೋಡಿದರು. "ಹಾಗಾ," ಎಂದು ಹೇಳಿ, ಡ್ಯೂಟಿಗೆ ಹೊತ್ತಾಯ್ತು ಅಂತ ಹೋದರು. ನಮ್ಮಲ್ಲಿ 'ನಿಮ್ಮಿಷ್ಟ' ಅಂದರೆ ಬೇಡ ಅಂತಲೇ ಅರ್ಥ. ಸ್ವಂತ ತಮ್ಮನೇ ಬೇಡ ಅನ್ನುವಾಗ ಬೇರೆಯವರು ಯಾಕೆ ಫೋನ್ ಮಾಡಬೇಕು?

ಮರುವಾರ ಇನ್ನೊಂದು ಕೆಲಸ ಮಾಡಿದೆ. ಲಾಂಡ್ರಿಯಲ್ಲಿ ಮೊದಲ ನಿಯಮ, ಕಿಸೆ ನೋಡದೆ ಬಟ್ಟೆಯನ್ನು ನೀರಿಗೆ ಹಾಕಬಾರದು. ಗಿರಾಕಿಗಳ ಕಿಸೆಯಿಂದ ಬಸ್ ಕಾರ್ಡು, ಮಾತ್ರೆ, ಒಮ್ಮೆ ಒಂದು ಉಂಗುರ, ಎಲ್ಲ ತೆಗೆದು ಜೋಪಾನವಾಗಿ ಹಿಂದಿರುಗಿಸಿದವನು ನಾನು. ಆ ದಿನ ನನ್ನ ಅಂಗಿಯನ್ನು ಕಿಸೆ ನೋಡದೆ ಮೆಷಿನಿಗೆ ಹಾಕಿದೆ. ಚೀಟಿ ಮುದ್ದೆಯಾಗಿ ಬಂತು. ಮರೆತು ಹಾಕಿದೆ ಅಂತ ಬರೆಯಲು ಕೈ ಬರುವುದಿಲ್ಲ. ಹದಿನೇಳು ಹೆಸರೂ ನನಗೆ ಬಾಯಿಪಾಠ ಬರುತ್ತಿತ್ತು. ಚೀಟಿ ಹೋದರೂ ಹೆಸರು ಹೋಗಲಿಲ್ಲ.

ಬಕ್ರೀದಿನ ಹಿಂದಿನ ದಿನ ಅಕ್ಕನ ಧ್ವನಿ. "ನನಗೆ ಚಿಹ್ನೆ ಕೊಟ್ರು. ಹೊಲಿಗೆ ಮೆಷಿನ್ ಕೇಳಿದ್ದೆ, ಅದು ಬೇರೆ ಯಾರಿಗೋ ಹೋಯ್ತು. ನನಗೆ ಎಂತ ಸಿಕ್ಕಿದ್ದು ಹೇಳು? ಇಸ್ತ್ರಿ ಪೆಟ್ಟಿಗೆ! ನಿನ್ನದೇ ಮಾರಾಯ. ಹೋದಲ್ಲೆಲ್ಲ ಹೇಳ್ತೇನೆ, ನನ್ನ ತಮ್ಮ ದುಬೈಯಲ್ಲಿ ಹಿಡ್ಕೊಂಡದ್ದು ಇದನ್ನೇ ಅಂತ." ಅವಳ ನಗುವಿನ ಹಿಂದೆ ಮಳೆ ಸುರಿಯುತ್ತಿತ್ತು. ನಾನು ಆ ಹೊತ್ತಿನಲ್ಲಿ ಇಸ್ತ್ರಿ ಹಿಡಿದೇ ನಿಂತಿದ್ದೆ. ಕೆಳಗಿಟ್ಟು ಹಿಂಬಾಗಿಲಿಗೆ ಹೋಗಿ ಮುಖ ತೊಳೆದೆ.

ಹಬ್ಬದ ರಜೆಯಲ್ಲಿ ಅಬುಧಾಬಿಗೆ ಹೋಗುವುದೆಂದು ಗಟ್ಟಿ ಮಾಡಿದೆ. ಅಲ್ಲಿ ರಘುರಾಮಣ್ಣನ ಕಣ್ಣಿಲ್ಲ, ಆರು ಮನೆ ಒಟ್ಟಿಗೆ ಮುಗಿಯುತ್ತದೆ, ಅಲ್ಲಿಂದ ಅಲ್ ಐನಿಗೂ ಹೋಗಬಹುದು. ಘುಬೈಬಾ ಬಸ್ ನಿಲ್ದಾಣದಲ್ಲಿ ಬಸ್ಸು ಹತ್ತಿದೆ. ಎರಡು ಗಂಟೆ ದಾರಿ, ಕಿಟಕಿಯಾಚೆ ಬಿಳಿ ಬಿಸಿಲು. ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಹೇಳುತ್ತಾ ಹೋದೆ. ಅವರ ಬಿಲ್ಡಿಂಗಿನ ಕೆಳಗೆ ನಿಂತಾಗ ಎರಡನೇ ಮಹಡಿಯ ಕಿಟಕಿಯಿಂದ ಮೀನು ಹುರಿಯುವ ವಾಸನೆ, ನಮ್ಮ ಊರಿನ ತುಳು ಮಾತು, ಇಸ್ಪೀಟಿನ ಎಲೆ ಬಡಿಯುವ ಸದ್ದು. ಆಗ ಒಂದು ಧ್ವನಿ ಕೇಳಿತು, "ರಘುರಾಮಣ್ಣ ಮೊನ್ನೆ ಬಂದಿದ್ರಲ್ಲ..." ಮುಂದಿನದು ಕೇಳಲಿಲ್ಲ. ಏನಿತ್ತೋ, ಯಾವ ವಿಷಯವೋ. ನನಗೆ ಅಷ್ಟೇ ಸಾಕಾಯಿತು. ಬಿಲ್ಡಿಂಗಿನ ಕಾವಲುಗಾರ ಯಾರು ಬೇಕು ಅಂತ ಹಿಂದಿಯಲ್ಲಿ ಕೇಳಿದ. ಯಾರೂ ಬೇಡ ಅಂದೆ. ಬಂದ ದಾರಿಯಲ್ಲೇ ನಡೆದು ಮುಂದಿನ ಬಸ್ಸು ಹತ್ತಿದೆ.

ಆ ಬಸ್ಸಿನಲ್ಲಿ ಅಕ್ಕನ ಮಾತು ಬಂತು. "ಇವತ್ತು ಒಂದು ತೀರ್ಮಾನ ಮಾಡ್ಬೇಕು. ದಿನ ಕಡಿಮೆ ಉಂಟು, ಮಳೆ ಬಿಡೂದಿಲ್ಲ. ಗುಡ್ಡದ ಮೇಲಿನ ಕಾಲನಿ ಪೂರ್ತಿ ಬಾಕಿ. ಆ ಹದಿನೇಳು ಮನೆಗೆ ಫೋನ್ ಹೋಗಿದೆಯಾ? ಹೋಗಿದ್ರೆ ನಾನು ಆ ಕಡೆ ಹೋಗೂದಿಲ್ಲ. ಹೋಗ್ಲಿಲ್ಲ ಅಂತಾದ್ರೂ ಹೇಳು, ಬೇಸರ ಇಲ್ಲ. ನಾನೇ ಹೋಗಿ ಕೈ ಮುಗಿದು ಬರ್ತೇನೆ."

ಇದನ್ನು ಎಷ್ಟು ಸಲ ಕೇಳಿದ್ದೇನೋ. ಬೇಸರ ಇಲ್ಲ ಎಂದು ಅವಳೇ ದಾರಿ ಬಿಟ್ಟುಕೊಟ್ಟಿದ್ದಳು. ಹೇಳಲು ಆಗಲಿಲ್ಲ ಅಕ್ಕ, ನೀನೇ ಹೋಗು, ಎಂಬ ಒಂದು ಮಾತು ಸಾಕಿತ್ತು. ನಾನು ಗುಂಡಿ ಒತ್ತಿ ಹಿಡಿದು ಹೇಳಿದೆ, "ಎಲ್ಲರಿಗೂ ಹೇಳಿ ಆಯ್ತು ಅಕ್ಕ. ಅಬುಧಾಬಿಗೂ ಹೋಗಿ ಬಂದೆ. ನೀನು ಕಾಲನಿ ನೋಡ್ಕೊ." ಅದರಲ್ಲಿ ಅಬುಧಾಬಿಗೆ ಹೋಗಿ ಬಂದದ್ದು ಮಾತ್ರ ನಿಜ.

ಮತ್ತೆ ಹತ್ತು ದಿನ. ಎಷ್ಟು ಸಲ ಧ್ವನಿ ತುಂಬಿ ಅಳಿಸಿದೆ, ಲೆಕ್ಕವಿಲ್ಲ. ಕರಾಮದ ಐದು ಮನೆಗಳಿಗೆ ಬಟ್ಟೆ ಕೊಡಲು ಹನೀಫನನ್ನು ಕಳಿಸಿದೆ. ಕೋಣೆಯಲ್ಲಿ ಕೂರಲಾಗದೆ ಒಂದು ಸಂಜೆ ಮೆಟ್ರೋ ಹತ್ತಿ ಕೊನೆಯ ನಿಲ್ದಾಣದವರೆಗೆ ಹೋಗಿ ಅದೇ ರೈಲಿನಲ್ಲಿ ವಾಪಸು ಬಂದೆ. ಅಕ್ಕ ಕಾಲನಿಯ ಮೆಟ್ಟಿಲು ಹತ್ತುತ್ತಿರುವ ಫೋಟೋ ಕಳಿಸಿದ್ದಳು. ಕೊಡೆ ಗಾಳಿಗೆ ಮಗುಚಿತ್ತು, ಕಾಲಲ್ಲಿ ಕೆಸರು, ಕೈಯಲ್ಲಿ ಇಸ್ತ್ರಿ ಪೆಟ್ಟಿಗೆಯ ಚಿತ್ರದ ಕಾಗದ.

ಎಣಿಕೆಯ ದಿನ ಹನ್ನೊಂದು ಗಂಟೆಯ ಹೊತ್ತಿಗೆ ಬಂತು ಅವಳ ಧ್ವನಿ. "ಹದಿನಾಲ್ಕರಲ್ಲಿ ಹೋಯ್ತು ತಮ್ಮ. ಕಾಲನಿಯವರು ಚೆನ್ನಾಗಿ ಕೊಟ್ಟಿದ್ದಾರೆ. ನಮ್ಮ ಓಣಿಯ ಬೂತಿನಲ್ಲೇ ಕಡಿಮೆ ಬಿದ್ದದ್ದು." ಆಮೇಲೆ, "ಫೋನು ಬಂದ ಮನೆಯವರೇ ಕೈ ಕೊಟ್ರು. ನೀನು ಬೇಜಾರು ಮಾಡ್ಬೇಡ. ಆ ಬಿಸಿಲಲ್ಲಿ ನನಗಾಗಿ ಎಷ್ಟು ತಿರುಗಿದ್ದಿ, ಪಾಪ."

ಆ ಹದಿನೇಳು ಮನೆಗಳ ಓಟು ಐವತ್ತರ ಮೇಲೆ. ಅವರು ಕೈ ಕೊಟ್ಟದ್ದಲ್ಲ. ಓಣಿಯ ಹೆಣ್ಣು ಕಾಲನಿಗೆಲ್ಲ ಹತ್ತಿ ಇಳಿದಳು, ಬೇಲಿಯಾಚೆಯ ನಮ್ಮ ಅಂಗಳಕ್ಕೆ ಬರಲಿಲ್ಲ ಎಂದು ಅವರಿಗೆ ಬಂದ ಬೇಸರ ನ್ಯಾಯವೇ.

ಗೆದ್ದದ್ದು ಪ್ರೇಮ. ಸಂಜೆ ರಘುರಾಮಣ್ಣ ಲಡ್ಡಿನ ಪೊಟ್ಟಣ ತಂದರು. ಹನೀಫನಿಗೆ ಕೊಟ್ಟರು, ನನಗೆ ಕೊಡಲು ಹಿಂಜರಿದರು. "ಸದಾನಂದ, ತಪ್ಪು ತಿಳ್ಕೊಬೇಡ ಆಯ್ತಾ. ನಾನು ಪ್ರೇಮನ ಪರವಾಗಿ ಇಲ್ಲಿಂದ ಒಬ್ಬರಿಗೂ ಹೇಳ್ಲಿಲ್ಲ. ತಮ್ಮ ಫೋನ್ ಮಾಡಿ ಬೈದ. ನಾನು ಹೇಳಿದೆ, ಆ ಹುಡುಗ ದಿನಾ ನನ್ನ ಎದುರು ನಿಂತು ದುಡಿಯುವವ, ಅವನ ಅಕ್ಕನ ವಿರುದ್ಧ ನಾನು ಹೇಗೆ ಕೇಳೂದು ಅಂತ. ವಸಂತಿಯೇ ಗೆಲ್ತಾಳೆ ಅಂದ್ಕೊಂಡಿದ್ದೆ."

ಹನೀಫ್ ನನ್ನ ಮುಖ ನೋಡಿದ. ಅವನು ಬೈದಿದ್ದರೆ ಚೆನ್ನಾಗಿತ್ತು. ವೀಸಾ ಅಕ್ಟೋಬರಿನಲ್ಲಿ ಏನೂ ತೊಂದರೆಯಿಲ್ಲದೆ ಆಯಿತು. ಆರು ತಿಂಗಳಾದ ಮೇಲೆ ನಾನೇ ಕೇಳಿಕೊಂಡು ಕೆಲಸದಿಂದ ಬಿಡುಗಡೆ ತೆಗೆದುಕೊಂಡು ಅಲ್ ಐನಿಗೆ ಹೋದೆ. ಆ ಅಂಗಡಿಯಲ್ಲಿ ನಿಲ್ಲಲು ಆಗುತ್ತಿರಲಿಲ್ಲ.

ಅದಕ್ಕಿಂತ ಮೊದಲು ಆ ವರ್ಷದ ಕ್ರಿಸ್ಮಸ್ ಬಂತು. ಪ್ರತಿ ವರ್ಷದ ಹಾಗೆ ಸೆವ್ರಿನ್ ಬಾಯಮ್ಮ ಬೇಲಿ ದಾಟಿ ಕುಸ್ವಾರಿನ ತಟ್ಟೆ ತಂದರಂತೆ. ನೆವ್ರಿ, ಕಿಡಿಯೊ, ಗುಳಿಯೊ ಎಲ್ಲ ಇರುವ ಹಬ್ಬದ ತಟ್ಟೆ. ಅಕ್ಕ ಅದನ್ನು ಮುಟ್ಟದೆ ವಾಪಸು ಕಳಿಸಿದಳು. ಮೂವತ್ತು ವರ್ಷದಲ್ಲಿ ಮೊದಲ ಸಲ. ಬಾಯಮ್ಮನಿಗೆ ಎಪ್ಪತ್ತೆಂಟು. ಗ್ಲಾಡಿಸ್ ಬಾಯಿ ನನ್ನ ಕೈಯಿಂದ ಯೂನಿಫಾರ್ಮು ತೆಗೆದುಕೊಳ್ಳುವಾಗ ಹೇಳಿದರು, "ಮಮ್ಮಿ ಫೋನಿನಲ್ಲಿ ಅಳ್ತಿದ್ರು. ನಾನೆಂತ ತಪ್ಪು ಮಾಡಿದೆ ಅಂತ ಕೇಳ್ತಾರೆ. ನಾನೆಂತ ಹೇಳ್ಲಿ ಸದಾನಂದ?" ನಾನು "ಮೂರು ಯೂನಿಫಾರ್ಮು" ಎಂದೆ. ಉಳಿದ ಹದಿನಾರು ಮನೆಗಳಿಗೂ ಅಕ್ಕ ಬಟ್ಟೆ ಹೊಲಿಯುವುದನ್ನು ಬಿಟ್ಟಳು. ದಾರಿಯಲ್ಲಿ ಸಿಕ್ಕರೆ ಸೆರಗು ಸರಿಪಡಿಸಿಕೊಂಡು ಆಚೆ ನೋಡುತ್ತಾಳೆ ಎಂದು ಅವಳ ಮಗಳೇ ಹೇಳಿದಳು.

ಇಷ್ಟೆಲ್ಲ ಕರಾಮದ ಆ ಮೂಲೆಯಲ್ಲಿ, ಹಬೆಯ ವಾಸನೆಯ ನಡುವೆ ಹಿಂದಕ್ಕೆ ಬಂತು. ಅಕ್ಕ ಮುಂದೆ ಹೋದವಳು ತಿರುಗಿ ನೋಡಿದಳು. "ಎಂತ ನಿಂತದ್ದು? ಯಾವ ಬಿಲ್ಡಿಂಗು ಹತ್ತಿ ಹತ್ತಿ ಇಳೀತಿದ್ದಿ, ಅದನ್ನು ತೋರಿಸು."

ಎದುರಿನದೇ ಒಂದು. ಕೈ ತೋರಿಸಿದೆ. ತೋರಿಸಬಾರದಿತ್ತು, ಅಥವಾ ತೋರಿಸಿದ್ದೇ ಸರಿಯಾಯಿತು. ಮೊದಲ ಮಹಡಿಯ ಬಾಲ್ಕನಿಯಲ್ಲಿ ಗ್ಲಾಡಿಸ್ ಬಾಯಿ ಬಟ್ಟೆ ಒಣಗಿಸುತ್ತಿದ್ದರು. ಕ್ಲಿಪ್ಪು ಕೈಯಲ್ಲಿ ಹಿಡಿದು ಬಗ್ಗಿದರು.

"ವಸಂತಿಯಕ್ಕಾ! ಯಾವಾಗ ಬಂದದ್ದು? ಮೇಲೆ ಬನ್ನಿ, ಕುಸ್ವಾರ್ ಮಾಡ್ತಾ ಇದ್ದೇನೆ. ಒಂದು ಚಾ ಕುಡಿದು ಹೋಗಿ."

ಅಕ್ಕ ತಲೆ ಎತ್ತಲಿಲ್ಲ. ನನ್ನ ತೋಳು ಹಿಡಿದಳು. "ನಡಿ. ಆ ಮನೆ ಚಾ ನನಗೆ ಬೇಡ."

"ಅಕ್ಕ, ಕರೀತಿದ್ದಾರೆ..."

"ಕರೀಲಿ. ಸೋತದ್ದಕ್ಕೆ ಸಿಟ್ಟಲ್ಲ ನನಗೆ. ಸೋಲು ಗೆಲುವು ಇದ್ದದ್ದೇ. ನೀನು ಆ ಬಿಸಿಲಲ್ಲಿ ಈ ಮೆಟ್ಟಿಲು ಹತ್ತಿ ಕೈ ಮುಗಿದು ಕೇಳಿದ್ದಿ. ನನ್ನನ್ನು ಬಿಡು, ನಿನ್ನ ಮಾತಿಗಾದ್ರೂ ಬೆಲೆ ಬೇಡ್ವಾ? ಅದನ್ನು ನಾನು ಮರೆಯೂದಿಲ್ಲ."

ಒಂದು ವರ್ಷದಿಂದ ಅವಳು ಯಾರ ಪರವಾಗಿ ಸಿಟ್ಟು ಹೊತ್ತು ತಿರುಗುತ್ತಿದ್ದಳು ಎಂಬುದು ಆಗ ಗೊತ್ತಾಯಿತು. ಗ್ಲಾಡಿಸ್ ಬಾಯಿ ಬಾಲ್ಕನಿಯಲ್ಲಿ ಹಾಗೆಯೇ ನಿಂತಿದ್ದರು. ಏನು ನಡೆದಿತ್ತೆಂದು ಅವರಿಗೆ ಗೊತ್ತಿತ್ತು. ಅವರು ಹೇಳಿಬಿಡಬಹುದಿತ್ತು, ಹೇಳಲಿಲ್ಲ. ನನ್ನನ್ನೇ ನೋಡುತ್ತಿದ್ದರು.

"ಅಕ್ಕ, ನಾನು ಅವರಿಗೆ ಹೇಳ್ಲಿಲ್ಲ," ಅಂದೆ.

ಲಾಂಡ್ರಿಯ ವ್ಯಾನು ಹಿಂದಕ್ಕೆ ಬರುತ್ತಾ ಕೀಂ ಕೀಂ ಎನ್ನುತ್ತಿತ್ತು. "ಎಂತ?" ಎಂದು ಅಕ್ಕ ಕಿವಿ ಹತ್ತಿರ ತಂದಳು. ಅವಳ ಕಿವಿಯಲ್ಲಿ ಮೆಲ್ಲನೆ ಹೇಳಿ ಮುಗಿಸಬಹುದಿತ್ತು. ಹಾಗೆ ಮಾಡಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದು, ಬಾಲ್ಕನಿಗೂ ಕೇಳುವ ಹಾಗೆ ಹೇಳಿದೆ.

"ನಾನು ಯಾರಿಗೂ ಹೇಳ್ಲಿಲ್ಲ ಅಕ್ಕ. ಹದಿನೇಳರಲ್ಲಿ ಒಂದು ಮನೆಗೂ ಹೇಳ್ಲಿಲ್ಲ. ಗ್ಲಾಡಿಸ್ ಬಾಯಿ ಅವರಾಗಿಯೇ ಕೇಳಿದ್ರು, ಮಮ್ಮಿಗೆ ಫೋನ್ ಮಾಡ್ಬೇಕಾ ಅಂತ. ನಿಮ್ಮಿಷ್ಟ ಅಂದೆ. ವೀಸಾ ಹೋಗ್ತದೆ ಅಂತ ಹೆದರಿಕೆ ಆಯ್ತು ನನಗೆ. ನಿನಗೆ ಸುಳ್ಳು ಹೇಳಿದೆ. ಬಾಯಮ್ಮನದ್ದು ತಪ್ಪಿಲ್ಲ, ಯಾರದ್ದೂ ತಪ್ಪಿಲ್ಲ. ನನ್ನಿಂದ ತಪ್ಪಾಯ್ತು. ತಪ್ಪಾಯ್ತು ಅಕ್ಕ."